ಅಡಿಗೆಮನೆಯ ಮಾತು: ಕೆಂಡದ ಅಡಿಗೆ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ನಮ್ಮ ಓದುಗರೊಬ್ಬರು ಕಳೆದ ತಿಂಗಳು ಒಂದು ಕಾಗದವನ್ನು ಬರೆದಿರುವರು. ಅವರ ಮನೆಗೆ ಹಾನಗಲ್ಲಿನ ಕಡೆಯ ಬೀಗರು ಬಂದಿದ್ದರಂತೆ. ರಾತ್ರಿಯ ಊಟಕ್ಕೆ ಬದನೆಕಾಯಿ ಬಜ್ಜಿಯೆಂದು ತಿಳಿದು ಬೀಗರು ಬಹು ಸಂತೋಷದಿಂದ ಎಲೆಯ ಮುಂದೆ ಕುಳಿತರಂತೆ. ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಬಿಸಿ ಬಜ್ಜಿ ಬರುವುದೆಂಬುದು ಅವರ ಎಣಿಕೆ. ಬಂದದ್ದಾದರೋ ಸುಟ್ಟ ಬದನೆಯ ತಿರುಳನ್ನು ಮೊಸರಿನಲ್ಲಿ ಕಲಸಿ, ಸಾಸಿವೆಯ ಒಗ್ಗರಣೆ ಕೊಟ್ಟ ಮಲೆನಾಡಿನ ಬಜ್ಜಿ. ಬೀಗರು ರುಚಿಯನ್ನು ಮೆಚ್ಚಿದರು. ಆದರೆ ಬದನೆಯನ್ನು ಬಚ್ಚಲ ಒಲೆಯಲ್ಲಿ ಸುಟ್ಟದ್ದೆಂದು ಕೇಳಿದೊಡನೆ ಅವರ ಕೈ ತಡೆಯಿತು.

“ಏನ್ರೀ ಬೀಗರ, ಬಚ್ಚಲದಾಗ ಸುಟ್ಟದ್ದನ್ನ ಉಣ್ಣಾಕ ಹಾಕೀರೇನು? ಸುಡೂದು ಅಂದ್ರ ಹೊಲದಾಗ ಸುಡಬೇಕ್ರಿ, ಬಯಲಾಗ!” ಎಂದರಂತೆ.

“ಬಚ್ಚಲು ಅಂದ್ರೆ ನಿಮ್ಮ ಕಡೆ ನೀರು ಹೋಗೋ ಮೂಲೆ ಇರಬಹುದು ಬೀಗರೇ; ನಮ್ಮಲ್ಲಿ ಬಚ್ಚಲ ಒಲೆ ಅಡಿಗೆ ಒಲೆಯಷ್ಟೇ ಚೊಕ್ಕ. ಹೊಲದ ಗಾಳಿಯಲ್ಲಿ ಸುಟ್ಟರೆ ಹೊರಗೆ ಕರಿ, ಒಳಗೆ ಹಸಿ” ಎಂಬುದು ಮನೆಯವರ ಉತ್ತರ.

ಮಾತು ಬೆಳೆದು ಸೀತನಿ ಹೆಚ್ಚೋ, ಬಜ್ಜಿ ಹೆಚ್ಚೋ ಎಂಬಲ್ಲಿಗೆ ಬಂದಿತು. ಅಲ್ಲಿಂದ ಯಾವ ಸೀಮೆಯವರಿಗೆ ಸುಡಲು ಬರುವುದು, ಒಳ್ಳೆಯ ಸುಟ್ಟ ಪದಾರ್ಥವನ್ನು ತಿನ್ನಲು ಎಲ್ಲಿಗೆ ಹೋಗಬೇಕು ಎಂಬ ದೊಡ್ಡ ವ್ಯಾಜ್ಯವಾಯಿತು. ಇದನ್ನು ತೀರ್ಮಾನಿಸುವ ಭಾರವನ್ನು ಉಭಯ ಪಕ್ಷದವರೂ ಒಪ್ಪಿ ನಮ್ಮ ಮೇಲೆ ಹೊರಿಸಿರುವರು. ಬೀಗರ ವ್ಯಾಜ್ಯದಲ್ಲಿ ಮೂರನೆಯವರು ಬಾಯಿ ಹಾಕುವುದು ವಿವೇಕವಲ್ಲವೆಂದು ನಾವು ಬಲ್ಲೆವು. ಆದರೂ ವಿಷಯ ರುಚಿಕರವಾಗಿರುವುದರಿಂದ ನಮ್ಮ ಅಭಿಪ್ರಾಯವನ್ನು ಸೂಚಿಸುವೆವು.

ಈ ಜಗಳ ಕನ್ನಡಿಗರಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕಾದವರು ಇದೇ ವಿಷಯದಲ್ಲಿ ನಮಗಿಂತ ಹತ್ತು ಪಾಲು ಹಠವಾದಿಗಳು. ಅವರು ಬಾರ್ಬೆಕ್ಯೂ ಎಂದು ಕರೆಯುವ ಮಾತು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರದು; ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿರುವುದು. ಕೆರೊಲೀನಾ ಸೀಮೆಯವರು ಹಂದಿಯ ಮಾಂಸಕ್ಕೆ ವಿನಿಗರಿನ ಹುಳಿಯೇ ಯೋಗ್ಯವೆನ್ನುವರು. ಟೆಕ್ಸಾಸಿನವರು ದನದ ಮಾಂಸವನ್ನು ಓಕ್ ಮರದ ಹೊಗೆಯಲ್ಲಿ ಗಂಟೆಗಟ್ಟಲೆ ಇಡುವರು. ಕ್ಯಾನ್ಸಸ್ ನಗರದವರು ಟೊಮೆಟೋ ಹಣ್ಣಿನ ಸಿಹಿ ಗೊಜ್ಜನ್ನು ಬಳಿಯುವರು. ಒಬ್ಬರು ಮಾಡಿದುದನ್ನು ಇನ್ನೊಬ್ಬರು ಬಾರ್ಬೆಕ್ಯೂ ಎಂದೇ ಒಪ್ಪುವುದಿಲ್ಲ. ಆದರೆ ನೋಡಿರಿ, ಅವರ ವಾದವೆಲ್ಲ ಮಾಂಸ ಮತ್ತು ಗೊಜ್ಜುಗಳ ಸುತ್ತ ತಿರುಗುವುದು. ನಮ್ಮ ನಾಡಿನಲ್ಲಿ ಸುಡುವ ವಸ್ತುವಿಗಿಂತ ಸುಡುವ ಬೆಂಕಿಯೇ ಸೀಮೆಯಿಂದ ಸೀಮೆಗೆ ಬೇರೆಯಾಗಿರುವುದು. ಯಾವ ಊರಿನಲ್ಲಿ ಏನು ಉರಿಯುವುದೋ ಅದರಿಂದಲೇ ಆ ಊರಿನ ಸುಟ್ಟ ರುಚಿ ಹುಟ್ಟಿರುವುದು.

ಕುಪ್ಪಗಡ್ಡೆಯವರಿಗೆ ಈ ಮಾತು ಬೇಗನೆ ಮನದಟ್ಟಾಗಬೇಕು. ಸೊರಬ ಸೀಮೆ ಅರೆಮಲೆನಾಡು. ಪಡುವಲಲ್ಲಿ ಚಂದ್ರಗುತ್ತಿಯ ಕಾಡು, ಅಡಿಕೆಯ ತೋಟ. ಮೂಡಲಲ್ಲಿ ಶಿಕಾರಿಪುರದ ಬಯಲು, ಬಡಗಲಲ್ಲಿ ಹಾನಗಲ್ಲಿನ ಹೊಲಗಳು. ಒಂದು ಮಗ್ಗುಲಲ್ಲಿ ಅಕ್ಕಿರೊಟ್ಟಿ, ಇನ್ನೊಂದು ಮಗ್ಗುಲಲ್ಲಿ ಜೋಳದ ರೊಟ್ಟಿ. ಹೆಣ್ಣು ಕೊಟ್ಟು ತಂದುಕೊಳ್ಳುವ ಸಂಬಂಧಗಳು ಎರಡು ಕಡೆಗೂ ಬೆಳೆದಿರುವುದರಿಂದ, ಇಂಥ ವ್ಯಾಜ್ಯ ಬೇರೆಲ್ಲಿಯೂ ಹುಟ್ಟದೆ ಇಲ್ಲಿಯೇ ಹುಟ್ಟಿದುದು ಸಹಜವಾಗಿದೆ.

ಮೊದಲು ಬಚ್ಚಲ ಒಲೆಯ ಪಕ್ಷವನ್ನು ವಿಚಾರಿಸೋಣ. ಮಲೆನಾಡಿನ ಮನೆಗಳಲ್ಲಿ ನೀರು ಕಾಯಿಸುವ ಹಂಡೆಯ ಕೆಳಗೆ ಮಳೆಗಾಲವೆಲ್ಲ ಬೆಂಕಿ ಆರುವುದೇ ಇಲ್ಲ. ದಪ್ಪನೆಯ ಕುಂಟೆಯೊಂದು ನಿಧಾನವಾಗಿ ಉರಿಯುತ್ತಿರುವುದು. ಅಡಿಕೆಯ ಸಿಪ್ಪೆ, ಹಾಳೆ, ಸೋಗೆ ಮುಂತಾದ ತೋಟದ ಕಸವೆಲ್ಲ ಅದಕ್ಕೆ ಆಹಾರ. ಹೀಗೆ ಉರಿದ ಒಲೆಯಲ್ಲಿ ಜ್ವಾಲೆಗಿಂತ ಬಿಸಿ ಬೂದಿಯೇ ಹೆಚ್ಚು. ಈ ಬೂದಿಯೇ ಮಲೆನಾಡಿಗರ ಸುಡುವ ಪಾತ್ರೆ. ಬೂದಿಯಲ್ಲಿ ಹುದುಗಿಸಿದ ಪದಾರ್ಥಕ್ಕೆ ನಾಲ್ಕು ಕಡೆಯಿಂದಲೂ ಸಮವಾದ ಶಾಖ ತಗಲುವುದು, ಗಾಳಿ ಸೋಕುವುದಿಲ್ಲ. ಆದುದರಿಂದ ಸಿಪ್ಪೆ ಕರಿದಾದರೂ ತಿರುಳು ತನ್ನ ನೀರಿನಲ್ಲಿಯೇ ಬೇಯುವುದು. ಬದನೆ, ಗೆಣಸು, ಹಲಸಿನ ಬೀಜ, ಸಿಪ್ಪೆ ಸಹಿತವಾದ ಈರುಳ್ಳಿ, ಇವೆಲ್ಲ ಇದಕ್ಕೆ ತಕ್ಕವು. ದಪ್ಪ ಸಿಪ್ಪೆಯಿಲ್ಲದ ವಸ್ತುವನ್ನು ಬೂದಿಯಲ್ಲಿ ಹಾಕಿದರೆ ತಿನ್ನುವವನ ಬಾಯಿಗೆ ಬೂದಿಯೇ ಬರುವುದೆಂದು ಹೇಳಬೇಕಾದುದಿಲ್ಲ.

ಹಲಸಿನ ಬೀಜವನ್ನು ಸುಡುವ ಮೊದಲು ತುದಿಯನ್ನು ಕತ್ತಿಯಿಂದ ಕಚ್ಚು ಮಾಡಬೇಕು. ಇಲ್ಲದಿದ್ದರೆ ಒಳಗಿನ ನೀರು ಹಬೆಯಾಗಿ ಹೊರಡಲು ದಾರಿಯಿಲ್ಲದೆ ಬೀಜವು ಪಟಾಕಿಯಂತೆ ಸಿಡಿದು ಕೆಂಡವನ್ನು ಮುಖಕ್ಕೆ ಎರಚುವುದು. ಬದನೆಗೂ ಇದೇ ನ್ಯಾಯ: ನಾಲ್ಕೈದು ಕಡೆ ಚುಚ್ಚಿ, ಎಣ್ಣೆ ಸವರಿ ಹುದುಗಿಸಬೇಕು. ಗೇರುಬೀಜದ ಮಾತು ಬೇರೆ. ಅದರ ಚಿಪ್ಪಿನ ಎಣ್ಣೆ ಚರ್ಮವನ್ನು ಸುಡುವಂಥದು, ಹೊಗೆ ಕಣ್ಣಿಗೆ ಕೇಡು. ಮಕ್ಕಳು ಕಾಡಿದರೂ ಅದನ್ನು ಬಚ್ಚಲ ಒಲೆಗೆ ಹಾಕಗೊಡದೆ, ಅಂಗಳದ ಆಚೆ ಗಾಳಿಯ ಮೇಲ್ಗಡೆ ನಿಂತು ಹಿರಿಯರೇ ಸುಡತಕ್ಕದ್ದು.

ಇನ್ನು ಹಲಸಿನ ಹಪ್ಪಳ. ಇದಕ್ಕೆ ಬೂದಿಯಲ್ಲ, ಜ್ವಾಲೆ ಇಳಿದ ಕೆಂಪು ಕೆಂಡ ಬೇಕು. ಕರಿದ ಹಪ್ಪಳದಲ್ಲಿ ಎಣ್ಣೆಯ ರುಚಿ ಮುಂದಾಗುವುದು. ಸುಟ್ಟ ಹಪ್ಪಳದಲ್ಲಿ ಹಲಸಿನ ಕಾಯಿಯ ರುಚಿಯೇ ಮುಂದಾಗುವುದು. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಒಂದು ಚೂರು ಹಸಿ ಕಾಯಿಯೊಡನೆ ಇದನ್ನು ಆಷಾಢದ ಮಳೆಯ ಸಂಜೆ ತಿಂದವರಿಗೆ ನಮ್ಮ ಶಿಫಾರಸು ಬೇಕಾಗಿಲ್ಲ.

ಈಗ ಹಾನಗಲ್ಲಿನ ಬೀಗರ ಪಕ್ಷ. ಸೀ ಎಂದರೆ ಸಿಹಿ. ಸೀತೆನೆಯೇ ಜನರ ಬಾಯಲ್ಲಿ ಸೀತನಿಯಾಗಿರುವುದು. ಹಿಂಗಾರಿ ಜೋಳದ ತೆನೆ ಹಾಲುಗಾಳನ್ನು ದಾಟಿ ಇನ್ನೂ ಬಲಿಯದೆ ಇರುವ ಕೆಲವೇ ದಿನಗಳಲ್ಲಿ, ಸಾಮಾನ್ಯವಾಗಿ ದಶಂಬರ ಜನವರಿಗಳಲ್ಲಿ, ಧಾರವಾಡ, ಗದಗ, ವಿಜಯಪುರದ ಕಡೆಗಳಲ್ಲಿ ನೆಂಟರಿಷ್ಟರನ್ನು ಹೊಲಕ್ಕೆ ಕರೆಯುವ ಪದ್ಧತಿಯುಂಟು. ಸೀತನಿಗೆಂದೇ ಬೇರೆ ತಳಿಯ ಜೋಳವನ್ನು ಒಂದೆರಡು ಸಾಲು ಬಿತ್ತುವ ರೈತರುಂಟು. ಬಯಲುಸೀಮೆಯಲ್ಲಿ ಕಟ್ಟಿಗೆ ದುರ್ಲಭ, ದನಗಳು ಸಮೃದ್ಧಿ. ಆದುದರಿಂದ ಇಲ್ಲಿಯ ಬೆಂಕಿ ಕುಳ್ಳಿನದು. ಹೊಲದಲ್ಲಿ ಸಣ್ಣ ಕುಣಿಯನ್ನು ತೋಡಿ, ಕುಳ್ಳನ್ನು ಉರಿಸಿ, ಹೊಗೆ ಅಡಗಿದ ಮೇಲೆ ತೆನೆಗಳನ್ನು ಕೆಂಡದಲ್ಲಿ ಇಟ್ಟು ಹೊರಳಿಸುವರು. ಕುಳ್ಳಿನ ಕೆಂಡ ಮೃದು, ಬಹಳ ಹೊತ್ತು ನಿಲ್ಲುವುದು. ಕಟ್ಟಿಗೆಯ ಕೆಂಡದಷ್ಟು ಉಗ್ರವಲ್ಲ. ಎಳೆಯ ಕಾಳಿಗೆ ಇದೇ ಹಿತ. ಬಿಸಿ ತೆನೆಯನ್ನು ಗೋಣಿಯ ಮೇಲೆ ತಿಕ್ಕಿ ಕಾಳು ಉದುರಿಸಿ, ಮೊರದಲ್ಲಿ ಕೇರಿ, ಕಡೆಯ ಹೊಟ್ಟನ್ನು ಅಂಗೈಯಲ್ಲಿಟ್ಟು ಊದಿ ಬಾಯಿಗೆ ಹಾಕಿಕೊಳ್ಳುವರು. ಶೇಂಗಾ ಚಟ್ನಿ, ಅಗಸಿಯ ಚಟ್ನಿ, ಬೆಲ್ಲ ಇವು ಜೊತೆಗೆ. ಆರಿದ ಸೀತನಿ ನಾರು. ಅದನ್ನು ಮನೆಗೆ ಕಟ್ಟಿಕೊಂಡು ಹೋಗುವುದು ವ್ಯರ್ಥ.

ಇವೆರಡರಲ್ಲಿ ಯಾವುದು ಹೆಚ್ಚು? ಬದನೆಯನ್ನು ಕುಳ್ಳಿನ ಕೆಂಡದ ಮೇಲೆ ಸುಟ್ಟರೆ ತಿರುಳು ಬೇಯುವ ಮೊದಲೇ ನೀರು ಸೋರಿ ಒಣಗುವುದು. ಜೋಳದ ತೆನೆಯನ್ನು ಬಚ್ಚಲ ಬೂದಿಯಲ್ಲಿ ಹುದುಗಿಸಿದರೆ ಬೂದಿಯನ್ನು ಮೇಯಬೇಕಾಗುವುದು. ಬದನೆಗೆ ಕುಪ್ಪಗಡ್ಡೆ, ಕಾಳಿಗೆ ಹಾನಗಲ್ಲು ಎಂದು ನಾವು ತೀರ್ಪು ಕೊಡುವೆವು. ಒಂದು ವಿಷಯದಲ್ಲಿ ಮಾತ್ರ ಹಾನಗಲ್ಲಿನವರು ಗೆದ್ದಿರುವರು. ಅದನ್ನು ಮುಂದೆ ಹೇಳುವೆವು.

ಮಾಂಸಾಹಾರಿಗಳಾದ ಓದುಗರು ತಮ್ಮ ಪಕ್ಷವನ್ನು ಬಿಟ್ಟರೆಂದು ಕೋಪಿಸಿಕೊಳ್ಳಬಾರದು. ಕರಾವಳಿಯಲ್ಲಿ ಒಣಮೀನನ್ನು ಕೆಂಡದ ಮೇಲಿಟ್ಟು, ಚಿಟಪಟ ಎನ್ನುವಾಗ ತೆಗೆದು, ಕೊಬ್ಬರಿ ಎಣ್ಣೆ ಸವರಿ ಕುಚ್ಚಲಕ್ಕಿಯ ಗಂಜಿಯೊಡನೆ ಉಣ್ಣುವರು. ಅಲ್ಲಿ ತೆಂಗಿನ ಚಿಪ್ಪಿನ ಕೆಂಡಕ್ಕೆ ಕೊರತೆಯಿಲ್ಲ. ಈ ಕೆಂಡ ಬೇಗ ಕಾದು, ಹೊಗೆಯಿಲ್ಲದೆ ತೀಕ್ಷ್ಣವಾಗಿರುವುದರಿಂದ ಒಣಮೀನಿನಂಥ ತೆಳು ಪದಾರ್ಥಕ್ಕೆ ಅನುಕೂಲ. ಕೊಡಗಿನಲ್ಲಿ ಮಳೆಗಾಲಕ್ಕೆಂದು ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ದಿನಗಟ್ಟಲೆ ಹೊಗೆಯಲ್ಲಿ ಒಣಗಿಸುವ ಕ್ರಮವಿದೆ. ಇದು ಸುಡುವುದೂ ಅಲ್ಲ, ಬೇಯಿಸುವುದೂ ಅಲ್ಲ. ಅಮೆರಿಕಾದವರು ನೋಡಿದರೆ ಇದನ್ನೇ ತಮ್ಮ ದಾಯಾದಿಯೆಂದು ಅಪ್ಪಿಕೊಂಡಾರು. ಮಲೆನಾಡಿನ ಗದ್ದೆಯ ಏಡಿಯನ್ನು ಕೆಂಡದಲ್ಲಿ ಸುಟ್ಟು ಅರೆದ ಚಟ್ನಿಯನ್ನು ಬಲ್ಲವರು ಬಲ್ಲರು. ಬಯಲುಸೀಮೆಯಲ್ಲಿ ಕುರಿಯ ತಲೆ ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು, ಆ ಬಳಿಕ ಸಾರು ಮಾಡುವರು; ಆ ಸಾರಿನ ಜೀವವೆಲ್ಲ ಸುಟ್ಟ ಚರ್ಮದ ವಾಸನೆಯಲ್ಲಿಯೇ ಇರುವುದು. ಕಾಡುಹಂದಿಯ ಬೇಟೆಯ ಕಥೆಗಳನ್ನು ಮಲೆನಾಡಿನ ಅಜ್ಜಂದಿರು ಈಗಲೂ ಹೇಳುವರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಅವು ಕಥೆಗಳಾಗಿಯೇ ಉಳಿಯಬೇಕಾದುದು ಯೋಗ್ಯವಾಗಿದೆ.

ಕೋಲಿಗೆ ಪೋಣಿಸಿ ಸುಡುವ ಕಬಾಬು ಹೊರಗಿನಿಂದ ಬಂದದ್ದೆಂದು ಕೆಲವರು ಹೇಳುವುದುಂಟು. ಹೆಸರು ಹೊರಗಿನದು ನಿಜ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಶೂಲಕ್ಕೆ ಚುಚ್ಚಿ ಕೆಂಡದಲ್ಲಿ ಸುಡುವ ಭಡಿತ್ರಕವೆಂಬ ಮಾಂಸಭಕ್ಷ್ಯದ ವಿಧಾನವಿರುವುದು. ಆ ದೊರೆಯ ಕಾಲದಲ್ಲಿ ನಮ್ಮ ಸೊರಬ, ಶಿಕಾರಿಪುರಗಳ ಸೀಮೆ ಬನವಾಸಿ ಹನ್ನೆರಡು ಸಾಸಿರವೆಂಬ ನಾಡಿಗೆ ಸೇರಿದ್ದು, ಬಳ್ಳಿಗಾವಿಯೇ ಅದರ ರಾಜಧಾನಿಯಾಗಿದ್ದಿತು. ಇನ್ನು ೧೬ನೆಯ ಶತಮಾನದ ಆರಂಭದಲ್ಲಿ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ಮಾಂಸವನ್ನು ಮುಟ್ಟದೆ ಬದನೆಕಾಯಿಗೆ ವಿಶೇಷವಾದ ಮರ್ಯಾದೆಯನ್ನು ಕೊಟ್ಟಿರುವನು. ನಮ್ಮ ನಾಡಿನಲ್ಲಿ ಎರಡು ಪಂಕ್ತಿಗಳೂ ಬಹು ಕಾಲದಿಂದ ಎದುರುಬದುರಾಗಿ ಕುಳಿತಿರುವುವು.

ಎಲ್ಲಿಗೆ ಹೋಗಿ ತಿನ್ನಬೇಕೆಂಬ ಪ್ರಶ್ನೆಗೆ ಪೇಟೆಯ ಓದುಗರು ಬೆಂಗಳೂರಿನ ಶಿವಾಜಿನಗರದ ಹೆಸರನ್ನೆತ್ತುವರು. ರಂಜಾನ್ ತಿಂಗಳ ಸಂಜೆ ಅಲ್ಲಿಯ ಬೀದಿಗಳಲ್ಲಿ ಕಬ್ಬಿಣದ ತೊಟ್ಟಿಯ ಇದ್ದಿಲಿನ ಮೇಲೆ ಸೀಖ್ ಕಬಾಬು ಸಿದ್ಧವಾಗುವುದನ್ನು ನೋಡುವುದೇ ಒಂದು ಪಾಠ: ಬೀಸಣಿಗೆಯವನ ಕೈ ನಿಲ್ಲದು, ಜ್ವಾಲೆ ಏಳದು. ಮಳೆಗಾಲದಲ್ಲಿ ಜೋಗದ ಕಡೆಗೆ ಹೋಗುವವರು ದಾರಿಯಲ್ಲಿ ಮೆಕ್ಕೆಜೋಳವನ್ನು ಸುಡುವ ಗಾಡಿಗಳನ್ನು ಕಾಣಬಹುದು. ನಿಂಬೆಯ ಹೋಳನ್ನು ಉಪ್ಪು ಖಾರದಲ್ಲಿ ಅದ್ದಿ ತೆನೆಯ ಮೇಲೆ ಉಜ್ಜಿ ಕೊಡುವರು. ಸೊರಬ, ಶಿಕಾರಿಪುರಗಳ ಹೊಲಗಳಲ್ಲಿಯೇ ಈಗ ಮೆಕ್ಕೆಜೋಳ ಯಥೇಚ್ಛವಾಗಿ ಬೆಳೆಯುತ್ತಿರಲು, ಅದನ್ನು ಕೊಂಡು ತಿನ್ನಲು ಜೋಗದವರೆಗೆ ಹೋಗುವುದು ಬೇಡ. ಎಳೆಯ ತೆನೆಯನ್ನು ಹೊರಗಿನ ಎಲೆಗಳ ಸಹಿತವೇ ಕೆಂಡದಲ್ಲಿ ಹೊರಳಿಸಿ, ಆಮೇಲೆ ಎಲೆ ಸುಲಿದು ಒಂದೆರಡು ನಿಮಿಷ ಬರಿದಾಗಿ ತೋರಿಸಿದರೆ, ಗಾಡಿಯ ತೆನೆಗಿಂತ ರಸವತ್ತಾಗಿರುವುದು.

ಈಗ ಹಾನಗಲ್ಲಿನವರು ಗೆದ್ದ ವಿಷಯ. ಕಾಗದದ ಕೊನೆಯಲ್ಲಿ ನಮ್ಮ ಓದುಗರು ಒಂದು ಸಂಗತಿಯನ್ನು ವಿನೋದಕ್ಕೆಂದು ಬರೆದಿರುವರು. ಬೀಗರಿಬ್ಬರೂ ವಾದದಲ್ಲಿ ಮುಳುಗಿದ್ದಾಗ ಒಳಗಿನಿಂದ ಮನೆಯಾಕೆ, “ನಿಮ್ಮ ನ್ಯಾಯ ತೀರೋ ಹೊತ್ತಿಗೆ ಹಪ್ಪಳ ಮೆತ್ತಗಾಯ್ತು. ಇದುವರೆಗೂ ಗರಿಗರಿ ಹಪ್ಪಳ ಹೇಗಿರುತ್ತೆ ಅಂತ ಸುಟ್ಟೋಳಿಗೆ ಮಾತ್ರ ಗೊತ್ತಿಲ್ಲ” ಎಂದರಂತೆ. ಎಲ್ಲರೂ ನಕ್ಕರಂತೆ. ನಮಗೆ ಮಾತ್ರ ನಗು ಬರಲಿಲ್ಲ. ಸಾರು, ಪಲ್ಯಗಳು ಒಂದು ಗಳಿಗೆ ಕಾದಾವು. ಸುಟ್ಟ ಪದಾರ್ಥ ಕಾಯುವುದಿಲ್ಲ. ಇಪ್ಪತ್ತು ಎಲೆಗಳಿಗೆ ಹಪ್ಪಳ ಸುಟ್ಟು ಕಳುಹಿಸಿದಾಕೆಯ ಪಾಲಿಗೆ ಕಡೆಯಲ್ಲಿ ಉಳಿಯುವುದು ಮುರಿದ, ಮೆತ್ತಗಾದ ಚೂರು. ರೊಟ್ಟಿಯನ್ನು ಕೆಂಡಕ್ಕೆ ಹಿಡಿದು ಉಬ್ಬಿಸುವಾಕೆಯ ಕಥೆಯೂ ಇದೇ. ಹೊಲದ ಸೀತನಿಯಲ್ಲಿ ಹೀಗಾಗದು. ಅಲ್ಲಿ ಕುಣಿಯ ಸುತ್ತ ಎಲ್ಲರೂ ಕುಳಿತಿರುವರು. ಗಂಡಸರೂ ಕೆಂಡ ಕೆದಕುವರು, ತೆನೆ ತಿಕ್ಕುವರು. ಸುಡುವವರ ಬಾಯಿಗೂ ಮೊದಲ ಬಿಸಿಯಲ್ಲಿಯೇ ಕಾಳು ಬೀಳುವುದು. ಆದುದರಿಂದ ಸುಟ್ಟದ್ದನ್ನು ತಿನ್ನುವುದಕ್ಕೆ ಅತ್ಯುತ್ತಮವಾದ ಸ್ಥಳ ಯಾವುದೆಂದರೆ, ಸುಡುವವರ ಪಕ್ಕದ ಮಣೆ. ಎಲೆಯನ್ನು ಒಲೆಯ ಬಳಿಗೆ ಒಯ್ಯಿರಿ. ಹಪ್ಪಳವನ್ನು ಪಡಸಾಲೆಗೆ ಕಳುಹಿಸಬೇಡಿರಿ. ಬೀಗರು ಬಂದ ದಿನ ಇದು ಗೌರವಕ್ಕೆ ಕುಂದೆಂದು ಹಿರಿಯರು ಹೇಳಬಹುದು. ಹೇಳಲಿ.

ಹೊಗೆಯ ವಿಷಯದಲ್ಲಿಯೂ ಬಯಲಿನ ಬೆಂಕಿಯೇ ಮೇಲು. ಮನೆಯೊಳಗಿನ ಒಲೆಯ ಹೊಗೆಯಿಂದ ೨೦೨೦ರಲ್ಲಿ ಲೋಕದಲ್ಲಿ ಸುಮಾರು ೩೨ ಲಕ್ಷ ಜನರು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜು. ಒಲೆಯ ಮುಂದೆ ಹೆಚ್ಚು ಹೊತ್ತು ಕುಳಿತಿರುವವರು ಹೆಂಗಸರೂ ಅವರ ಮಡಿಲ ಮಕ್ಕಳೂ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸಿತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಎಷ್ಟೋ ಹಳ್ಳಿಮನೆಗಳಿಗೆ ಅನಿಲದ ಒಲೆ ಬಂದಿತು. ಹಳೆಯ ರುಚಿ ಹೋಯಿತೆಂದು ಮರುಗುವವರು ಬಹುಮಟ್ಟಿಗೆ ಒಲೆಯನ್ನು ಊದದವರೇ ಆಗಿರುವರು. ಅಡಿಗೆಮನೆಯಿಂದ ಕಟ್ಟಿಗೆಯ ಬೆಂಕಿ ಹೋದುದಕ್ಕೆ ನಾವು ಒಂದು ಹನಿ ಕಣ್ಣೀರನ್ನೂ ಸುರಿಸೆವು. ವಾರಕ್ಕೊಮ್ಮೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಮನೆಯ ಗಂಡಸರು ಬೆಂಕಿ ಮಾಡಲಿ. ರುಚಿಗೆ ಅಷ್ಟು ಸಾಕು.

ಸುಡುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಮಾಂಸದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿದಾಗ ಏಳುವ ಕಪ್ಪು ಹೊಗೆಯಲ್ಲಿ ಅರ್ಬುದ ರೋಗಕ್ಕೆ ಕಾರಣವಾಗಬಲ್ಲ ವಸ್ತುಗಳಿರುವುವು. ಆದುದರಿಂದ ಕೆಂಡದ ಮೇಲೆ ಬೂದಿಯ ತೆಳುಪರೆ ಕಟ್ಟಿ ಬಿಳುಪಾಗುವವರೆಗೆ ಕಾದಿದ್ದು ಸುಡಬೇಕು, ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿ ಮಾಂಸವನ್ನು ಮತ್ತೊಂದು ಪಕ್ಕದಲ್ಲಿಡಬೇಕು, ಕರಿದಾದ ಭಾಗವನ್ನು ಕೆರೆದು ತೆಗೆಯಬೇಕು. ಬಣ್ಣ ಬಳಿದ ಹಲಗೆ, ಹಳೆಯ ಬಾಗಿಲ ತುಂಡು, ಪ್ಲಾಸ್ಟಿಕ್ ಚೀಲ ಇವನ್ನು ಆ ಬೆಂಕಿಗೆ ಸೇರಿಸಲೇ ಬಾರದು. ಬಚ್ಚಲ ಒಲೆಗೆ ಈಗ ಕಸವೆಲ್ಲವನ್ನೂ ಒಟ್ಟುವ ಅಭ್ಯಾಸ ಕೆಲವು ಮನೆಗಳಲ್ಲಿ ಬಂದಿರುವುದು. ಅಂಥ ಒಲೆಯಲ್ಲಿ ಸುಟ್ಟ ಬದನೆಯನ್ನು ಹಾನಗಲ್ಲಿನ ಬೀಗರು ಬೇಡವೆಂದರೆ ನಾವು ಅವರ ಕಡೆಯೇ.

ಪೇಟೆಯಲ್ಲಿ ಅಂಗಳವಿಲ್ಲದವರು ಏನು ಮಾಡಬೇಕೆಂದು ಕೇಳುವರು. ಚುಚ್ಚಿ ಎಣ್ಣೆ ಸವರಿದ ದಪ್ಪ ಬದನೆಯನ್ನು ಅನಿಲದ ಒಲೆಯ ಸಣ್ಣ ಉರಿಯ ಮೇಲೆ ನೇರವಾಗಿ ಇಟ್ಟು, ಇಕ್ಕುಳದಿಂದ ತಿರುಗಿಸುತ್ತ, ತೊಟ್ಟಿನ ಬುಡ ಮೆತ್ತಗಾಗುವವರೆಗೆ ಸುಡಿರಿ. ಸಿಪ್ಪೆಯನ್ನು ಒದ್ದೆ ಕೈಯಿಂದ ಸುಲಿಯಿರಿ. ನೀರಿನಲ್ಲಿ ತೊಳೆದರೆ ಸುಟ್ಟ ಪರಿಮಳವೂ ನೀರಿನೊಡನೆ ಹೋಗುವುದು. ತಿರುಳನ್ನು ಕಿವುಚಿ, ಉಪ್ಪು, ಹಸಿಮೆಣಸಿನಕಾಯಿ ಸೇರಿಸಿಡಿರಿ. ಅನಿಲದ ಉರಿಯಲ್ಲಿ ಹೊಗೆಯ ವಾಸನೆ ಇರದು. ಅದಕ್ಕಾಗಿ ತೆಂಗಿನ ಚಿಪ್ಪಿನ ಒಂದು ಸಣ್ಣ ಚೂರನ್ನು ಹೊಗೆ ನಿಲ್ಲುವಂತೆ ಕೆಂಡ ಮಾಡಿ, ಪುಟ್ಟ ಬಟ್ಟಲಲ್ಲಿಟ್ಟು, ಆ ಬಟ್ಟಲನ್ನು ತಿರುಳಿನ ಪಾತ್ರೆಯ ನಡುವೆ ಇರಿಸಿ, ಕೆಂಡದ ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಕೂಡಲೆ ಮುಚ್ಚಿರಿ. ಮೂರು ನಿಮಿಷವಾದ ಮೇಲೆ ಬಟ್ಟಲನ್ನು ತೆಗೆದು, ಹುಳಿಯಿಲ್ಲದ ಗಟ್ಟಿ ಮೊಸರನ್ನು ಬೆರಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿಗಳ ಒಗ್ಗರಣೆ ಕೊಡಿರಿ.